ಬಾಟಲಿಯ ಮುಖದ ಮೇಲೆ ‘ಚಪ್ಪರ’: ಅಮೆರಿಕದಲ್ಲಿ ವೈನ್ ಲೇಬಲ್‌ಗೆ ಒಪ್ಪಿಗೆ ಪಡೆದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಲೋಡೈಯಲ್ಲಿ ನಾನು ತಯಾರಿಸುವ, ಜಿನ್‌ಫಂಡೆಲ್ ಎಂಬ ದ್ರಾಕ್ಷಿ ತಳಿಯ ವೈನಿನ ಬಾಟಲಿಯ ಮುಂಭಾಗದಲ್ಲಿ ಒಂದೇ ಒಂದು ಪದವಿದೆ: ‘ಚಪ್ಪರ’. ಅದು ಕನ್ನಡ ಲಿಪಿಯಲ್ಲಿ, ಸುಮಾರು ಎರಡು ಇಂಚು ಎತ್ತರದ ಅಕ್ಷರಗಳಲ್ಲಿದೆ. ಅದರ ಅಕ್ಕಪಕ್ಕದಲ್ಲಿ ಇಸವಿಯಾಗಲಿ, ತಳಿಯ ಹೆಸರಾಗಲಿ, ಶೇಕಡಾವಾರು ಲೆಕ್ಕವಾಗಲಿ ಇಲ್ಲ. ಇಂಥ ಲೇಬಲ್ಲಿಗೆ ಟಿಟಿಬಿಯವರ, ಅಂದರೆ ಮದ್ಯದ ಲೇಬಲ್‌ಗಳನ್ನು ಪರಿಶೀಲಿಸುವ ಅಮೆರಿಕದ ಒಕ್ಕೂಟ ಸರ್ಕಾರದ ಕಚೇರಿಯವರ, ಒಪ್ಪಿಗೆ ಸಿಗುವುದೇ ಇಲ್ಲವೆಂದು ನನಗೆ ಹೇಳಿದವರು ಕಡಿಮೆಯೆಂದರೂ ನಾಲ್ವರು. ಇದೇ ಕಸುಬಿನ ಗೆಳೆಯರೊಬ್ಬರು “ಕನ್ನಡ ಮನೆಯಲ್ಲಿರಲಿ ಮಾರಾಯ, ಬಾಟಲಿಯ ಮೇಲೆ ಬೇಡ” ಎಂದರು. ಸಲಹೆಗಾರರೊಬ್ಬರು ಒಂದು ಅರ್ಜಿಗೆ ಸುಮಾರು 350 ಡಾಲರ್ ಕೇಳಿ, ಮೊದಲು ಆ ‘ಚಿತ್ರ’ವನ್ನು ತೆಗೆದುಹಾಕಿ ಎಂದರು, ಅವರು ಚಿತ್ರವೆಂದದ್ದು ನಮ್ಮ ಅಕ್ಷರಗಳನ್ನು. ಅರ್ಜಿಗೆ ಸರ್ಕಾರ ಒಂದು ಸೆಂಟನ್ನೂ ಕೇಳುವುದಿಲ್ಲವಾದ್ದರಿಂದ ನಾನೇ ಕುಳಿತು ತುಂಬಿಸುವುದೆಂದು ನಿರ್ಧರಿಸಿದೆ.

ಟಿಟಿಬಿ ಕೊಡುವ ಲೇಬಲ್ ಒಪ್ಪಿಗೆಯ ಪ್ರಮಾಣಪತ್ರಕ್ಕೆ ಚುಟುಕಾಗಿ ಕೋಲಾ ಎನ್ನುತ್ತಾರೆ, ಅದು ಕುಡಿಯುವ ಕೋಲಾ ಅಲ್ಲ. ನನ್ನ ಅರ್ಜಿ ಮೊದಲ ಸಲ ತಿದ್ದುಪಡಿಗೆಂದು ವಾಪಸು ಬಂದದ್ದು 2018ರ ಅಕ್ಟೋಬರಿನಲ್ಲಿ. ಆಮೇಲೆ ಇನ್ನೂ ಮೂರು ಸಲ ಬಂತು. ಸೋಜಿಗವೆಂದರೆ, ಈ ನಾಲ್ಕರಲ್ಲಿ ಕನ್ನಡಕ್ಕೆ ಸಂಬಂಧಪಟ್ಟದ್ದು ಒಂದೇ.

ಮೊದಲನೆಯದು, ಕುಡಿತದ ಅಪಾಯವನ್ನು ಹೇಳುವ ಸರ್ಕಾರಿ ಎಚ್ಚರಿಕೆಯ ವಾಕ್ಯದ ತಪ್ಪು. ವಿನ್ಯಾಸ ಮಾಡಿಕೊಟ್ಟ ನನ್ನ ಸೋದರಳಿಯ ಚೆನ್ನಾಗಿ ಕಾಣಲೆಂದು ಇಡೀ ಎಚ್ಚರಿಕೆಯನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದ. ‘ಗವರ್ನಮೆಂಟ್ ವಾರ್ನಿಂಗ್’ ಎಂಬ ಎರಡು ಪದಗಳು ಮಾತ್ರ ಪೂರ್ತಿ ಕ್ಯಾಪಿಟಲ್ಲಿನಲ್ಲಿಯೂ ದಪ್ಪವಾಗಿಯೂ ಇರಬೇಕು. ಅದರ ಮುಂದಿನ ಸಾಲುಗಳು ದಪ್ಪವಾಗಿರಲೇಕೂಡದು. 750 ಮಿ.ಲೀ. ಬಾಟಲಿಗೆ ಅಕ್ಷರದ ಎತ್ತರ 2 ಮಿ.ಮೀ.ಗಿಂತ ಕಡಿಮೆಯಾಗಬಾರದು, ಒಂದು ಇಂಚಿನಲ್ಲಿ 25ಕ್ಕಿಂತ ಹೆಚ್ಚು ಅಕ್ಷರಗಳನ್ನು ತುರುಕಬಾರದು. 1989ರ ನವೆಂಬರಿನಿಂದ ಜಾರಿಯಲ್ಲಿರುವ ಆ ವಾಕ್ಯದಲ್ಲಿ ಒಂದು ಅಲ್ಪವಿರಾಮವನ್ನು ಬದಲಾಯಿಸುವ ಸ್ವಾತಂತ್ರ್ಯವೂ ನಮಗಿಲ್ಲ. ಅದರಲ್ಲಿ ಬರುವ ಸರ್ಜನ್ ಜನರಲ್ (ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) ಎಂಬುದರ ಮೊದಲಕ್ಷರಗಳು ಸಣ್ಣವಾಗಿದ್ದರೂ ಅರ್ಜಿ ವಾಪಸು ಬರುತ್ತದೆ ಎಂಬುದನ್ನು ಇನ್ನೊಬ್ಬರ ಕಷ್ಟ ನೋಡಿ ಕಲಿತಿದ್ದೆನಾದ್ದರಿಂದ ಅದೊಂದು ತಪ್ಪಿತು.

ಎರಡನೆಯದು ಆಲ್ಕೋಹಾಲಿನ ಅಂಕಿ. ಆ ಅಂಕಿಯನ್ನು ಅಲಂಕಾರವೆಂಬಂತೆ 5 ಮಿ.ಮೀ. ಎತ್ತರಕ್ಕೆ ಏರಿಸಿ, ಅದರ ಮುಂದೆ ಎಬಿವಿ (ಆಲ್ಕೋಹಾಲ್ ಬೈ ವಾಲ್ಯೂಮ್) ಎಂದು ಬರೆದಿದ್ದೆವು. ವೈನಿನ ಮಟ್ಟಿಗೆ ಈ ಅಂಕಿ 1 ಮಿ.ಮೀ.ಗಿಂತ ಸಣ್ಣದೂ 3 ಮಿ.ಮೀ.ಗಿಂತ ದೊಡ್ಡದೂ ಆಗಿರಬಾರದು. ಅಮಲನ್ನೇ ಮುಂದಿಟ್ಟು ಮಾರಬಾರದೆಂಬ ಹಳೆಯ ಕಾಳಜಿ ಅದರ ಹಿಂದಿದೆ. ಎಬಿವಿ ಎಂಬ ಮೊಟಕು ರೂಪವನ್ನೂ ಅವರು ಒಪ್ಪಲಿಲ್ಲ. ‘ಆಲ್ಕ್’, ‘ವಾಲ್’ ಎಂದು ಬಿಡಿಬಿಡಿಯಾಗಿ ಬರೆಯಬೇಕಾಯಿತು. ಮೂರನೆಯದು ನನ್ನದೇ ಸೋಮಾರಿತನ: ಲೇಬಲ್ಲಿನ ಮೇಲಿದ್ದ ವ್ಯಾಪಾರದ ಹೆಸರನ್ನು ವೈನ್ ತಯಾರಿಕೆಗೆ ಪಡೆದ ಪರ್ಮಿಟ್‌ಗೆ ಸೇರಿಸಿಯೇ ಇರಲಿಲ್ಲ. ನಾಲ್ಕನೆಯದರಲ್ಲಿ ಮಾತ್ರ ಕನ್ನಡದ ಪ್ರಶ್ನೆ ಬಂತು. ಆಕ್ಷೇಪ ಇದ್ದದ್ದು ಲಿಪಿಗಲ್ಲ. ಪರಭಾಷೆಯ ಪದಕ್ಕೆ ಅರ್ಜಿಯಲ್ಲಿ ಕೊಡಬೇಕಾದ ಇಂಗ್ಲಿಷ್ ಅನುವಾದವನ್ನು ನಾನು ಕೊಟ್ಟಿರಲಿಲ್ಲ ಎಂಬುದಕ್ಕೆ.

ಇವೆಲ್ಲ ಕಾಗದದ ಮೇಲಿನ ಸೋಲುಗಳು. ನಿಜವಾದ ನಷ್ಟ ಶೇಕಡಾ 14 ಆಲ್ಕೋಹಾಲಿನ ಗೆರೆಯಲ್ಲಿ ಆಯಿತು. ಒಪ್ಪಿಗೆ ಬರುವ ಮೊದಲೇ, ‘ಇನ್ನೇನು ಬಂದೇ ಬರುತ್ತದೆ’ ಎಂಬ ಹುಂಬ ಧೈರ್ಯದಿಂದ ಐದು ಪೀಪಾಯಿಗೆ ಬೇಕಾಗುವಷ್ಟು, ಅಂದರೆ ಸುಮಾರು 1,600 ಜೊತೆ ಲೇಬಲ್‌ಗಳನ್ನು ಅಚ್ಚು ಹಾಕಿಸಿದ್ದೆ. ಅವುಗಳ ಮೇಲೆ 13.8 ಎಂದಿತ್ತು. ಬಾಟಲಿಗೆ ತುಂಬುವ ಹಿಂದಿನ ವಾರ ಪ್ರಯೋಗಾಲಯದಿಂದ ಬಂದ ಅಂಕಿ 14.2. ಶೇಕಡಾ 14ರವರೆಗಿನ ವೈನಿನಲ್ಲಿ ಲೇಬಲ್ಲಿನ ಅಂಕಿಗೂ ನಿಜವಾದ ಅಂಕಿಗೂ ಒಂದೂವರೆ ಅಂಶದ ವ್ಯತ್ಯಾಸವಿರಬಹುದೆಂಬ ಸಡಿಲಿಕೆಯಿದೆಯಲ್ಲ, 0.4ರ ವ್ಯತ್ಯಾಸ ಯಾವ ಲೆಕ್ಕ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಆ ಸಡಿಲಿಕೆ 14ರ ಗೆರೆಯನ್ನು ದಾಟುವುದಿಲ್ಲ ಎಂಬ ಸಾಲನ್ನು ಓದಿದ್ದು ಅಂದು ರಾತ್ರಿ. ಸುಮಾರು 1,150 ಡಾಲರಿನ ಕಾಗದ ಕಸಕ್ಕೆ ಹೋಯಿತು. ಲೇಬಲ್ ಮಾರಿದವರು ಮರುಮುದ್ರಣಕ್ಕೆ ರಿಯಾಯಿತಿ ಕೊಡುವ ಬದಲು ತುರ್ತು ಕೆಲಸವೆಂದು ಇನ್ನೂರು ಹೆಚ್ಚಿಗೆ ಹಾಕಿದರು. ಈಗ ನಾನು 14.5 ಎಂದು ಹಾಕುತ್ತೇನೆ. ಗೆರೆಯ ಮೇಲಿನ ವೈನಿಗೆ ಸಡಿಲಿಕೆ ಒಂದೇ ಅಂಶವಾದರೂ 15.5ರವರೆಗೂ ಅದು ನಡೆಯುತ್ತದೆ. ಕೆಳಗೆ 14ನ್ನು ಮುಟ್ಟದಂತೆ ನೋಡಿಕೊಂಡರೆ ಸಾಕು. ಅಂಕಿಯನ್ನೇ ಬಿಟ್ಟು ‘ಟೇಬಲ್ ವೈನ್’ ಎಂದು ಬರೆಯುವ ದಾರಿಯೂ ಇದೆ, ಆದರೆ ಅದು 7ರಿಂದ 14ರೊಳಗಿನ ವೈನಿಗೆ ಮಾತ್ರ. ಲೋಡೈಯ ಬಿಸಿಲಿನಲ್ಲಿ ಹಣ್ಣಾದ ಜಿನ್‌ಫಂಡೆಲ್ ಆ ಮಿತಿಯೊಳಗೆ ನಿಲ್ಲುವುದು ಅಪರೂಪ.

ತಿದ್ದಿದ ಅರ್ಜಿಯನ್ನು ಕಳುಹಿಸಿ ಕೆಲವೇ ದಿನಗಳಾಗಿದ್ದವು. 2018ರ ಡಿಸೆಂಬರ್ 22ರಿಂದ ಒಕ್ಕೂಟ ಸರ್ಕಾರದ ಕಚೇರಿಗಳು ಅನುದಾನವಿಲ್ಲದೆ ಮುಚ್ಚಿದವು. 35 ದಿನ ಯಾವ ಲೇಬಲ್ಲೂ ಕದಲಲಿಲ್ಲ. ವೈನು ಬಾಟಲಿಯಲ್ಲಿದೆ, ಬಾಟಲಿ ಬೆತ್ತಲೆಯಾಗಿದೆ, ಗೋದಾಮಿನ ಬಾಡಿಗೆ ಮಾತ್ರ ಓಡುತ್ತಿದೆ. ಕ್ಯಾಲಿಫೋರ್ನಿಯಾದೊಳಗೆ ಮಾತ್ರ ಮಾರುವುದಾದರೆ ವಿನಾಯಿತಿ ಪತ್ರ ಪಡೆದು, ಈ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಬರೆದು ಮಾರಬಹುದಲ್ಲವೇ ಎಂದು ಒಬ್ಬರು ಸೂಚಿಸಿದರು. ಆದರೆ ಆ ವಿನಾಯಿತಿಯನ್ನು ಕೊಡಬೇಕಾದವರೂ ಅದೇ ಮುಚ್ಚಿದ ಕಚೇರಿಯವರೇ!

ಇನ್ನು ಕೆಲಸ ಸಾಧಿಸಿದ ಬಗೆಗೆ ಬರುತ್ತೇನೆ. ಅನೇಕರು ಮುಂಭಾಗದ ಲೇಬಲ್ಲನ್ನೇ ‘ಬ್ರ್ಯಾಂಡ್ ಲೇಬಲ್’, ಅಂದರೆ ವೈನಿನ ಹೆಸರನ್ನು ಹೊತ್ತ ಮುಖ್ಯ ಲೇಬಲ್, ಎಂದು ತಿಳಿದಿದ್ದಾರೆ. ನಾವು ಯಾವುದನ್ನು ಬ್ರ್ಯಾಂಡ್ ಲೇಬಲ್ ಎಂದು ಸಲ್ಲಿಸುತ್ತೇವೆಯೋ ಅದೇ ಬ್ರ್ಯಾಂಡ್ ಲೇಬಲ್. ಅಂಗಡಿಯ ಕಪಾಟಿನಲ್ಲಿ ಅದು ಗಿರಾಕಿಗೆ ಮುಖ ಮಾಡಿರಬೇಕೆಂದೇನೂ ಇಲ್ಲ. ನಾನು ರೋಮನ್ ಲಿಪಿಯಲ್ಲಿ ಬರೆದ ಹೆಸರು, ತಳಿ, ಲೋಡೈ ಎಂಬ ಮೂಲಸ್ಥಾನ, ಇಸವಿ, ಆಲ್ಕೋಹಾಲ್, ತಯಾರಿಸಿ ತುಂಬಿದವರ ಹೆಸರು ಮತ್ತು ಊರು, ಸಲ್ಫೈಟ್ (ವೈನು ಕೆಡದಂತೆ ಹಾಕುವ ಗಂಧಕದ ಸಂಯುಕ್ತ) ಇದೆಯೆಂಬ ಸೂಚನೆ, ಎಚ್ಚರಿಕೆ ಇಷ್ಟನ್ನೂ ಹಿಂಬದಿಗೆ ಅಂಟುವ ಲೇಬಲ್ಲಿನಲ್ಲಿ ಇಟ್ಟು, ಅದನ್ನೇ ಬ್ರ್ಯಾಂಡ್ ಲೇಬಲ್ ಎಂದು ಸಲ್ಲಿಸಿದೆ. ಕನ್ನಡದ ‘ಚಪ್ಪರ’ ಎರಡನೆಯ ಲೇಬಲ್ಲಾಯಿತು. ದ್ರಾಕ್ಷಿ ಬಳ್ಳಿ ಹಬ್ಬುವ ಚಪ್ಪರವೇ ಬೇರೆ, ಮದುವೆ ಮನೆಯ ಚಪ್ಪರವೇ ಬೇರೆ ಎಂಬುದನ್ನು ಅರ್ಜಿಗೆ ಬೇಕಾದ ಅನುವಾದದಲ್ಲಿ ಎರಡು ಸಾಲಿನಲ್ಲಿ ವಿವರಿಸಿದೆ. ಆ ಎರಡು ಸಾಲುಗಳನ್ನು ಹೇಗೆ ಬರೆದೆನೆಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕಾಗಿ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ. 2019ರ ಮಾರ್ಚಿನಲ್ಲಿ ಒಪ್ಪಿಗೆ ಬಂದಾಗ ಅದರ ಪ್ರತಿಯನ್ನು ಆ ಸಲಹೆಗಾರರಿಗೂ ಕಳುಹಿಸಿದೆ, ಉತ್ತರ ಬರಲಿಲ್ಲ.

ಗಂಡಭೇರುಂಡವನ್ನೂ ಹಾಕಬೇಕೆಂದು ಸೋದರಳಿಯ ಹಟ ಹಿಡಿದಿದ್ದ. ಅದು ಕರ್ನಾಟಕ ಸರ್ಕಾರದ ಲಾಂಛನ. ಸರ್ಕಾರವೇ ಮೆಚ್ಚಿದ ವೈನು ಎಂಬ ಅರ್ಥ ಬಂದೀತೆಂದು ನಾನಾಗಿಯೇ ಕೈಬಿಟ್ಟೆ.

ಅಂಕಿಗಳ ಹಿಂದೆ ಲೆಕ್ಕದ ಪುಸ್ತಕ ಇರಬೇಕೆಂಬುದನ್ನೂ ಹೇಳಬೇಕು. ಲೋಡೈ ಎಂದು ಬರೆಯಲು ಅಲ್ಲಿನ ದ್ರಾಕ್ಷಿ ಶೇಕಡಾ 85 ಇರಬೇಕು, ಜಿನ್‌ಫಂಡೆಲ್ ಎನ್ನಲು ಆ ತಳಿ 75, ಇಸವಿಗೆ ಆ ವರ್ಷದ ಬೆಳೆ 95. ನನ್ನ 2017ರ ವೈನಿನಲ್ಲಿ ಲೋಡೈಯ ಹೊರಗಿನ ಅಮಡೋರ್ ಕಡೆಯ ಪೆಟೀಟ್ ಸಿರಾ ಎಂಬ ಬೇರೆ ತಳಿ ಸುಮಾರು 12 ಭಾಗವಿತ್ತಾದ್ದರಿಂದ ಮೊದಲೆರಡಕ್ಕೆ ತೊಂದರೆಯಿರಲಿಲ್ಲ. ಪೀಪಾಯಿ ಆರಿದಂತೆಲ್ಲ ಮೇಲೆ ತುಂಬಲು ಬಳಸಿದ್ದು ಮಾತ್ರ 2016ರ ವೈನು. ಹದಿನಾರು ತಿಂಗಳಲ್ಲಿ ಅದು ನಾಲ್ಕು ಭಾಗ ದಾಟಿತ್ತು. ಇನ್ನೆರಡು ಸಲ ತುಂಬಿದ್ದರೆ ಇಸವಿಯನ್ನೇ ಅಳಿಸಬೇಕಾಗುತ್ತಿತ್ತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಸಲ್ಫೈಟ್ ಹಾಕದೆ ಒಂದು ಪೀಪಾಯಿ ಮಾಡಿ, ‘ಸಲ್ಫೈಟ್ ಇದೆ’ ಎಂಬ ಸಾಲನ್ನು ಬಿಡಬಹುದೆಂದುಕೊಂಡೆ. ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಹುದುಗುವಾಗ ಯೀಸ್ಟ್ ತಾನಾಗಿಯೇ ಸ್ವಲ್ಪ ಸಲ್ಫೈಟ್ ಉಂಟುಮಾಡುತ್ತದೆ. ಪರೀಕ್ಷೆಯಲ್ಲಿ 12ರ ಹತ್ತಿರ ಬಂತು, ಸಾಲು ಉಳಿಯಿತು, ವೈನು ಮಾತ್ರ ಬೇಸಿಗೆಯಲ್ಲಿ ಹುಳಿಯಾಯಿತು. ಇನ್ನೊಂದು ವರ್ಷ ಶೇಕಡಾ 7ಕ್ಕಿಂತ ಕಡಿಮೆ ಆಲ್ಕೋಹಾಲಿನ ಪೇಯ ಮಾಡಿದರೆ ಕೋಲಾದ ಕಾಟವೇ ಇರುವುದಿಲ್ಲ ಎಂಬ ಜಾಣತನ ಹೊಳೆಯಿತು. ಕಾಟ ಇಲ್ಲ, ನಿಜ. ಆದರೆ ಅಲ್ಲಿಂದಾಚೆಗೆ ಆಹಾರ ಇಲಾಖೆಯ ನಿಯಮಗಳು ಹಿಡಿಯುತ್ತವೆ, ಬಳಸಿದ ಪದಾರ್ಥಗಳ ಪಟ್ಟಿ ಹಾಕಬೇಕಾಗುತ್ತದೆ, ಸರ್ಕಾರಿ ಎಚ್ಚರಿಕೆಯೂ ತಪ್ಪುವುದಿಲ್ಲ, ಏಕೆಂದರೆ ಅದು ಅರ್ಧ ಅಂಶದಿಂದಲೇ ಅನ್ವಯಿಸುತ್ತದೆ. ಏಲಕ್ಕಿ ಹಾಕಿದ ಬಿಳಿ ವೈನನ್ನು 250 ಮಿ.ಲೀ. ಡಬ್ಬಿಯಲ್ಲಿ ತುಂಬುವ ಯೋಜನೆಯಂತೂ ಎರಡು ಕಡೆ ಸಿಕ್ಕಿಹಾಕಿಕೊಂಡಿತು: ಪರಿಮಳದ ಪದಾರ್ಥ ಸೇರಿದರೆ ಲೇಬಲ್ಲಿಗೂ ಮೊದಲು ಫಾರ್ಮುಲಾಕ್ಕೆ ಒಪ್ಪಿಗೆ ಬೇಕು, ಜೊತೆಗೆ ಆ ಅಳತೆಯ ಡಬ್ಬಿಗೆ 2020ರ ಕೊನೆಯವರೆಗೂ ಅನುಮತಿಯೇ ಇರಲಿಲ್ಲ.

ಒಮ್ಮೆ ಸಿಕ್ಕ ಒಪ್ಪಿಗೆ ಎಷ್ಟು ದಿನ ಬಾಳುತ್ತದೆ ಎಂಬುದರಲ್ಲಿ ನನ್ನ ಉಳಿತಾಯವೆಲ್ಲ ಇದೆ. ಇಸವಿ, ಆಲ್ಕೋಹಾಲಿನ ಅಂಕಿ, ಬಾಟಲಿಯ ಅಳತೆ ಇಂಥವನ್ನು ಹೊಸ ಅರ್ಜಿಯಿಲ್ಲದೆಯೇ ಬದಲಾಯಿಸಲು ಅನುಮತಿಯಿದೆ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. 2018ರ ಬೆಳೆಯಿಂದ ಈಚೆಗೆ ಅದೇ ಪ್ರಮಾಣಪತ್ರ ನಡೆಯುತ್ತಿದೆ. ಸಲಹೆಗಾರರಿಗೆ ಪ್ರತಿವರ್ಷ ಕೊಟ್ಟಿದ್ದರೆ ಇಷ್ಟರಲ್ಲಿ ಎರಡು ಸಾವಿರ ಡಾಲರಾದರೂ ಆಗುತ್ತಿತ್ತು. ಹೊರರಾಜ್ಯಗಳಲ್ಲಿ ಮಾರಲು ಕಟ್ಟುವ ನೋಂದಣಿ ಶುಲ್ಕ ಬೇರೆಯೇ ಲೆಕ್ಕ. ಅದರಲ್ಲಿ ಉಳಿಸುವ ಉಪಾಯ ನನಗಿನ್ನೂ ಸಿಕ್ಕಿಲ್ಲ.

ದೇವನಹಳ್ಳಿಯ ಕಡೆ ದ್ರಾಕ್ಷಿ ಬೆಳೆಯುವ ನನ್ನ ಭಾವನವರು ಈಚೆಗೆ ಫೋನ್ ಮಾಡಿ, ಬೆಂಗಳೂರು ಬ್ಲೂ ದ್ರಾಕ್ಷಿಯ ವೈನನ್ನು ಅಲ್ಲಿಂದ ಕಳುಹಿಸಿದರೆ ಇದೇ ಪ್ರಮಾಣಪತ್ರದಲ್ಲಿ ಮಾರಬಹುದೇ ಎಂದು ಕೇಳಿದರು. ಆಗುವುದಿಲ್ಲ ಭಾವ ಎಂದೆ. ಆಮದು ಪರ್ಮಿಟ್ ಇರುವವರು ತಮ್ಮ ಹೆಸರಿನಲ್ಲಿ ಬೇರೆ ಅರ್ಜಿ ಹಾಕಬೇಕು, ಆಮದು ಮಾಡಿಕೊಂಡವರು ಇಂಥವರೆಂದೂ ಭಾರತದಲ್ಲಿ ತಯಾರಾದದ್ದೆಂದೂ ಬರೆಯಬೇಕು. “ಹಾಗಾದರೆ ಅನುವಾದದ ಆ ಎರಡು ಸಾಲನ್ನಾದರೂ ಕಳುಹಿಸು” ಎಂದರು. ಅವರಿಗೂ ಕೊಟ್ಟಿಲ್ಲ.