ಹೂಮಳೆ ಹೊತ್ತಲ್ಲಿ ಮೋಟಾರ್ ಬಿಚ್ಚಬೇಡಿ: ಎಕ್ಸ್-ರೇ ಲೇಸರ್ ಕೇಂದ್ರದ ಕಂಪ್ಯೂಟರ್ ಬದಲಿಸುವುದು ಹೇಗೆ?

ಕಾಫಿ ತೋಟ ಇದ್ದವರಿಗೆ ಇದು ಗೊತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆ ಹೊತ್ತಿಗೆ ಪಂಪ್‌ಸೆಟ್ ಬಿಚ್ಚಿಕೊಂಡು ಕೂತವನ ಕಥೆ ಮುಗಿಯಿತು. ಎರಡು ವರ್ಷದ ಹಿಂದೆ ಹಾಗೆ ಕೂತವನು ನಾನೇ. ವಿರಾಜಪೇಟೆ ಹತ್ತಿರದ ನಮ್ಮ ತೋಟದಲ್ಲಿ ಯಾವ ಬ್ಲಾಕಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವ ಸಣ್ಣ ಕಂಪ್ಯೂಟರ್ ಒಂದಿದೆ. ಮಾರ್ಚ್‌ನ ಒಂದು ಭಾನುವಾರ, ಸುಮ್ನೆ ಐದು ನಿಮಿಷದ ಕೆಲಸ ಅಂದುಕೊಂಡು ಅದನ್ನು ಅಪ್‌ಡೇಟ್ ಮಾಡಿದೆ. ವಾಲ್ವ್‌ಗಳ ಟೈಮಿಂಗ್ ಎಲ್ಲ ಅಳಿಸಿಹೋಯಿತು. ಮೂರು ದಿನ ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಕೈಯಲ್ಲೇ ವಾಲ್ವ್ ತಿರುಗಿಸಿದರು. ಪಕ್ಕದ ತೋಟದ ಮಾವ ಬೇಲಿ ಆಚೆಯಿಂದ ಕೇಳಿದ್ದು ಒಂದೇ ಮಾತು: "ಇಷ್ಟು ಓದಿ ಇದೇನಾ ಕಲ್ತಿದ್ದು?"

ನನ್ನ ಹೊಟ್ಟೆಪಾಡು ಕಂಟ್ರೋಲ್ ಸಾಫ್ಟ್‌ವೇರೇ ಆಗಿರುವುದರಿಂದ ಆ ಮಾತು ಸ್ವಲ್ಪ ಜಾಸ್ತಿಯೇ ನಾಟಿತು. ಇದೇ ಕೆಲಸವನ್ನು ಎಕ್ಸ್-ರೇ ಲೇಸರ್ ಕೇಂದ್ರಗಳಂಥ ದೊಡ್ಡ ಕಡೆ ಹೇಗೆ ಮಾಡುತ್ತಾರೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪಂಪ್‌ಹೌಸಿಗೂ ಆದೀತು.

ಮೊದಲು ಯಂತ್ರದ ಬಗ್ಗೆ ಎರಡು ಮಾತು. ಎಲೆಕ್ಟ್ರಾನ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಸಾಲು ಆಯಸ್ಕಾಂತಗಳ ನಡುವೆ ಹಾವಿನ ಹಾಗೆ ಓಲಾಡಿಸಿದರೆ ಅವು ಎಕ್ಸ್-ರೇ ಹೊಮ್ಮಿಸುತ್ತವೆ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದ ಎಲ್‌ಸಿಎಲ್‌ಎಸ್ 2009ರಲ್ಲಿ ಮೊದಲ ಬೆಳಕು ಕಂಡಿತು. ಅದರ ಮೊದಲ ಯಂತ್ರ ಸೆಕೆಂಡಿಗೆ 120 ಸಲದವರೆಗೆ ಮಿನುಗಬಲ್ಲದು. 2023ರಲ್ಲಿ ಶುರುವಾದ ಅದರ ಹೊಸ ಯಂತ್ರದ ಗುರಿ ಸೆಕೆಂಡಿಗೆ 10 ಲಕ್ಷ ಸಲ. ಜರ್ಮನಿಯ ಹ್ಯಾಂಬರ್ಗ್ ಬಳಿಯ ಯುರೋಪಿಯನ್ ಎಕ್ಸ್‌ಎಫ್‌ಇಎಲ್ ನೆಲದಡಿಯಲ್ಲಿ 3.4 ಕಿಲೋಮೀಟರ್ ಉದ್ದ ಇದೆ. ಅದು ಸೆಕೆಂಡಿಗೆ 27,000 ಸಲ ಮಿನುಗಬಲ್ಲದು.

ಇಷ್ಟನ್ನೂ ನಡೆಸುವುದು ಕಂಪ್ಯೂಟರ್‌ಗಳು. ಅವುಗಳಿಗೂ ವಯಸ್ಸಾಗುತ್ತದೆ. ಇಂಥ ಕಡೆ ತುಂಬಾ ಬಳಕೆಯಲ್ಲಿದ್ದ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ಗೆ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) 2024ರ ಜೂನ್ 30ಕ್ಕೆ ಬೆಂಬಲ ನಿಂತಿತು. ಅಂದರೆ ಭದ್ರತೆಯ ತೂತು ಕಂಡರೂ ಉಚಿತವಾಗಿ ಮುಚ್ಚಿಕೊಡುವವರಿಲ್ಲ. 'ಓಡ್ತಾ ಇದೆಯಲ್ಲ, ಯಾಕೆ ಮುಟ್ಟಬೇಕು' ಎನ್ನುವವರು ಎಲ್ಲ ಕಡೆ ಇರುತ್ತಾರೆ. ಅವರು ಹೇಳುವುದು ಪೂರ್ತಿ ತಪ್ಪೂ ಅಲ್ಲ. ಆದರೆ ಹಳೆಯ ಕಂಪ್ಯೂಟರ್ ಸುಟ್ಟುಹೋದ ದಿನ ಹೊಸದನ್ನು ತಂದರೆ, ಅದರ ನೆಟ್‌ವರ್ಕ್ ಕಾರ್ಡನ್ನು ಹಳೆಯ ಲಿನಕ್ಸ್ ಗುರುತೇ ಹಿಡಿಯದಿರಬಹುದು. ಆಗ ಎರಡನ್ನೂ ಒಟ್ಟಿಗೆ, ಗಡಿಬಿಡಿಯಲ್ಲಿ ಬದಲಿಸಬೇಕಾಗುತ್ತದೆ.

ಹಂತ 1: ಏನೇನಿದೆ ಎಂದು ಬರೆಯಿರಿ

ಎಲ್‌ಸಿಎಲ್‌ಎಸ್‌ನಲ್ಲಿ ಎಪಿಕ್ಸ್ ಎಂಬ ಕಂಟ್ರೋಲ್ ವ್ಯವಸ್ಥೆ ಇದೆ. ಅಮೆರಿಕದ ಲಾಸ್ ಅಲಾಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳು ಸೇರಿ ಬೆಳೆಸಿದ್ದು ಅದು. ಅದರಲ್ಲಿ ಪ್ರತಿ ಅಳತೆಗೂ ಒಂದು ಹೆಸರು. ಆಯಸ್ಕಾಂತದ ಕರೆಂಟ್, ಪಂಪಿನ ಒತ್ತಡ, ಮೋಟಾರ್ ನಿಂತ ಜಾಗ, ಎಲ್ಲಕ್ಕೂ. ಈ ಹೆಸರುಳ್ಳ ಅಳತೆಗೆ ಪಿವಿ ಅನ್ನುತ್ತಾರೆ. ಪಿವಿಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಕೊಡುವ ಪ್ರೋಗ್ರಾಂ ಐಓಸಿ.

ಯಾವ ಐಓಸಿ ಯಾವ ಕಂಪ್ಯೂಟರಿನಲ್ಲಿದೆ, ಯಾವ ಡ್ರೈವರ್ (ಉಪಕರಣದೊಡನೆ ಮಾತಾಡುವ ಪ್ರೋಗ್ರಾಂ) ಬೇಕು, ತಂತಿ ಎಲ್ಲಿಗೆ ಹೋಗುತ್ತದೆ, ಇದೆಲ್ಲ ಪಟ್ಟಿಯಾಗಬೇಕು. ಕೂತಲ್ಲೇ ಮಾಡುವ ಪಟ್ಟಿ ಇದಲ್ಲ, ಎದ್ದು ಹೋಗಿ ನೋಡಬೇಕು. ಬರೆದಿಟ್ಟವರು ಕೆಲಸ ಬಿಟ್ಟು ಹೋಗಿರುತ್ತಾರೆ, ಚೀಟಿ ಉದುರಿರುತ್ತದೆ. ನಮ್ಮ ತೋಟದ ಯಾವ ಪೈಪ್ ಯಾವ ಬ್ಲಾಕಿಗೆ ಎಂಬುದು ಹಳೆಯ ಮೇಸ್ತ್ರಿಯ ತಲೆಯಲ್ಲಿ ಮಾತ್ರ ಇತ್ತಲ್ಲ, ಹಾಗೆಯೇ.

ಹಂತ 2: ಮುಟ್ಟಬಾರದ್ದನ್ನು ಬೇರೆ ಇಡಿ

ಜನರನ್ನು ವಿಕಿರಣದಿಂದ ಕಾಯುವ ಇಂಟರ್‌ಲಾಕ್ ವ್ಯವಸ್ಥೆ ಈ ಅಪ್‌ಡೇಟಿನಲ್ಲಿ ಬರುವುದಿಲ್ಲ. ಅದು ಬೇರೆಯೇ ಇರುತ್ತದೆ, ಅದರ ಪರೀಕ್ಷೆಯೂ ಬೇರೆ. ಇನ್ನೊಂದು, ತಂಪು ಮಾಡುವ ಘಟಕ. ಎಲ್‌ಸಿಎಲ್‌ಎಸ್‌ನ ಹೊಸ ಯಂತ್ರದಲ್ಲಿ ಎಲೆಕ್ಟ್ರಾನ್‌ಗಳನ್ನು ಓಡಿಸುವ ನಿಯೋಬಿಯಂ ಲೋಹದ ಪೊಳ್ಳುಗಳು ದ್ರವ ಹೀಲಿಯಂನಲ್ಲಿ ಮುಳುಗಿ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತವೆ. ಬೀಮ್, ಅಂದರೆ ಯಂತ್ರದ ಕಿರಣ, ನಿಂತಿದೆ ಎಂದು ಹೀಲಿಯಂ ಘಟಕದ ಕಂಪ್ಯೂಟರಿಗೆ ಕೈ ಹಾಕುವ ಹಾಗಿಲ್ಲ.

ಹಂತ 3: ಈಗಿನ ಸೆಟ್ಟಿಂಗ್ ಹಿಡಿದಿಡಿ

ನಾನು ಎಡವಿದ್ದು ಇಲ್ಲಿಯೇ. ಎಪಿಕ್ಸ್‌ನಲ್ಲಿ ಆಟೋಸೇವ್ ಎಂಬ ಸೌಲಭ್ಯ ಇದೆ. ಸೆಟ್ಟಿಂಗ್‌ಗಳನ್ನು ಆಗಾಗ ಫೈಲಿಗೆ ಬರೆದು, ಐಓಸಿ ಮತ್ತೆ ಶುರುವಾದಾಗ ತುಂಬಿಕೊಡುತ್ತದೆ. ಒಳ್ಳೆಯದೇ, ಆದರೆ ಒಂದು ಅಪಾಯ ಇದೆ. ಹೊಸ ಕಂಪ್ಯೂಟರಿಗೆ ತಿಂಗಳ ಹಿಂದಿನ ಫೈಲ್ ಹೋದರೆ, ಮೋಟಾರ್ ಇರುವುದು ಒಂದು ಕಡೆ, ಇದೆ ಎಂದು ಕಂಪ್ಯೂಟರ್ ನಂಬುವುದು ಇನ್ನೊಂದು ಕಡೆ. ಆದ್ದರಿಂದ ಐಓಸಿ ನಿಲ್ಲಿಸಿದ ಮೇಲೆ ಉಳಿದ ಕೊನೆಯ ಫೈಲನ್ನೇ ಒಯ್ಯಬೇಕು. ಮುಖ್ಯವಾದ ಹತ್ತಿಪ್ಪತ್ತು ಸಂಖ್ಯೆಗಳನ್ನು ಕಾಗದದಲ್ಲೂ ಬರೆದುಕೊಳ್ಳಿ. ಮಳೆ ಲೆಕ್ಕವನ್ನು ಇಂಚು, ಸೆಂಟ್‌ನಲ್ಲಿ ತಲೆಮಾರುಗಳಿಂದ ಪುಸ್ತಕದಲ್ಲಿ ಬರೆದಿಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಂತ 4: ಬೇರೆ ಕೋಣೆಯಲ್ಲಿ ಓಡಿಸಿ ನೋಡಿ

ಹೊಸ ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್, ಒಂದೆರಡು ಬಿಡಿ ಮೋಟಾರ್, ಒಂದು ಕ್ಯಾಮೆರಾ ಇಟ್ಟುಕೊಂಡು ಎಲ್ಲ ಪ್ರೋಗ್ರಾಂಗಳನ್ನು ಮತ್ತೆ ಕಂಪೈಲ್ ಮಾಡುತ್ತಾರೆ, ಅಂದರೆ ಹೊಸ ಲಿನಕ್ಸ್‌ಗೆ ಹೊಂದುವ ಹಾಗೆ ಮತ್ತೆ ಕಟ್ಟುತ್ತಾರೆ. ಹೆಚ್ಚು ತಲೆ ತಿನ್ನುವುದು ಹಳೆಯ ಕ್ಯಾಮೆರಾ ಡ್ರೈವರ್‌ಗಳು.

ಈ ಕಂಪ್ಯೂಟರಿನ ನೆಟ್‌ವರ್ಕ್ ಮಾತ್ರ ಪೂರ್ತಿ ಬೇರೆಯೇ ಇರಬೇಕು. ಯಾಕೆಂದರೆ ಎಪಿಕ್ಸ್‌ನಲ್ಲಿ ಪಿವಿ ಹುಡುಕುವುದು ಕೂಗಿ. ಪರದೆಯ ಪ್ರೋಗ್ರಾಂ ನೆಟ್‌ವರ್ಕ್ ತುಂಬಾ ಕೇಳುವ ಹಾಗೆ 'ಈ ಹೆಸರು ಯಾರ ಹತ್ರ ಇದೆ?' ಎಂದು ಕೂಗುತ್ತದೆ. ಇದ್ದವರು 'ನನ್ನ ಹತ್ರ' ಅನ್ನುತ್ತಾರೆ. ಹಳೆಯ ಐಓಸಿ, ಪರೀಕ್ಷೆಯ ಹೊಸ ಐಓಸಿ ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದರೆ ಎರಡೂ ಓಗೊಡುತ್ತವೆ. ಯಾರ ದನಿ ಮೊದಲು ಕೇಳಿತೋ ಅವರೊಡನೆ ಸಂಪರ್ಕ. ಆಪರೇಟರ್ ನಿಜವಾದ ಮೋಟಾರ್ ತಿರುಗಿಸುತ್ತಿದ್ದೇನೆ ಅಂದುಕೊಂಡು ಪರೀಕ್ಷಾ ಕೋಣೆಯ ಮೋಟಾರ್ ತಿರುಗಿಸಬಹುದು. ಇದು ಉಲ್ಟಾ ಆದರೆ ಇನ್ನೂ ಕಷ್ಟ, ಅಲ್ವಾ? ಒಂದೇ ಹೆಸರು ಎರಡು ಕಡೆ ಇದೆ ಎಂಬ ಎಚ್ಚರಿಕೆ ಬರುತ್ತದೆ, ನಿಜ. ಅದನ್ನು ಓದುವವರು ಬೇಕಲ್ಲ.

ಇದರ ಇನ್ನೊಂದು ಮುಖ ಫೈರ್‌ವಾಲ್, ಅಂದರೆ ಹೊರಗಿನಿಂದ ಬರುವ ಸಂಪರ್ಕ ತಡೆಯುವ ಕಾವಲು. ಸೆಂಟ್‌ಓಎಸ್ ಬಳಗದ ಲಿನಕ್ಸ್ ಹೊಸದಾಗಿ ಹಾಕಿದಾಗ ಫೈರ್‌ವಾಲ್ ತಾನೇ ಆನ್ ಆಗಿರುತ್ತದೆ. ಎಪಿಕ್ಸ್ ಮಾತಾಡುವುದು ಸಾಮಾನ್ಯವಾಗಿ 5064, 5065ನೇ ಪೋರ್ಟ್‌ಗಳಲ್ಲಿ (ನೆಟ್‌ವರ್ಕಿನ ಬಾಗಿಲುಗಳು). ಎಪಿಕ್ಸ್ 7ರ ಹೊಸ ಭಾಷೆಗೆ 5075, 5076. ಇವು ಮುಚ್ಚಿದ್ದರೆ ಐಓಸಿ ಚೆನ್ನಾಗಿಯೇ ಓಡುತ್ತಿರುತ್ತದೆ, ಪರದೆಯಲ್ಲಿ ಮಾತ್ರ ಸಂಖ್ಯೆ ಇರಬೇಕಾದ ಕಡೆ ಖಾಲಿ ಚೌಕ. ಬಾಗಿಲು ಹಾಕಿಕೊಂಡ ಮನೆಯಲ್ಲಿ ಕೂತು ಉತ್ತರ ಕೊಟ್ಟ ಹಾಗೆ. ತಪ್ಪು ಎಲ್ಲಿದೆ ಎಂದು ಗಂಟೆಗಟ್ಟಲೆ ಹುಡುಕುವ ಮೊದಲು ಪೋರ್ಟ್ ನೋಡಿ.

ಹಂತ 5: ಗಡಿಯಾರ

ಸೆಕೆಂಡಿಗೆ 120 ಮಿನುಗು ಎಂದರೆ ಎರಡರ ನಡುವೆ ಸುಮಾರು 8.3 ಮಿಲಿಸೆಕೆಂಡ್. 10 ಲಕ್ಷ ಎಂದರೆ ಒಂದೇ ಮೈಕ್ರೋಸೆಕೆಂಡ್. ಕ್ಯಾಮೆರಾ ಕಂಡದ್ದು, ಡಿಟೆಕ್ಟರ್ ಅಳೆದದ್ದು ಎರಡೂ ಒಂದೇ ಮಿನುಗಿಗೆ ಸೇರಿದ್ದು ಎಂದು ಸಮಯದ ಗುರುತಿನಿಂದಲೇ ತಿಳಿಯಬೇಕು. ಗುರುತು ಒಂದು ಹೆಜ್ಜೆ ಸರಿದರೂ ಡೇಟಾ ನೋಡಲು ಸರಿಯಾಗಿಯೇ ಕಾಣುತ್ತದೆ, ಅರ್ಥ ಮಾತ್ರ ಹಾಳು. ಹಾಗಾಗಿ ಬೀಮ್ ಒಂದು ಕ್ಷಣ ತಡೆದು, ಎಲ್ಲ ಉಪಕರಣಗಳೂ ಅದೇ ಮಿನುಗಿನಲ್ಲಿ ಕತ್ತಲೆ ಕಂಡವೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ.

ಹಂತ 6: ಸೀಸನ್ ಬಿಟ್ಟು ಮಾಡಿ, ಒಂದೊಂದೇ ಮಾಡಿ

ವಿಜ್ಞಾನಿಗಳಿಗೆ ಇಲ್ಲಿ ಸಿಗುವ ಬೀಮ್‌ಟೈಮ್, ಅಂದರೆ ಯಂತ್ರ ಬಳಸುವ ಸರದಿ, ಕೆಲವೇ ದಿನ. ಅರ್ಜಿ ಹಾಕಿ, ಆಯ್ಕೆಯಾಗಿ, ತಿಂಗಳುಗಟ್ಟಲೆ ಕಾದು ಬಂದಿರುತ್ತಾರೆ. ಅವರ ಸರದಿಯಲ್ಲಿ ಅಪ್‌ಡೇಟ್ ಮಾಡುವುದು ಹೂಮಳೆ ಹೊತ್ತಲ್ಲಿ ಮೋಟಾರ್ ಬಿಚ್ಚಿದಂತೆಯೇ. ಯಂತ್ರ ನಿಲ್ಲುವ ಶಟ್‌ಡೌನ್ ಅವಧಿಯೇ ಈ ಕೆಲಸಕ್ಕೆ ಮಳೆಗಾಲ. ಆಗಲೂ ಮೊದಲು ಒಂದೇ ಪ್ರಯೋಗ ಕೋಣೆ, ಆಮೇಲೆ ಉಳಿದದ್ದು.

ಬೀಮ್ ಇಲ್ಲದೆ ಮೋಟಾರ್‌ಗಳನ್ನು ಸ್ವಲ್ಪ ಸ್ವಲ್ಪ ಅಲುಗಿಸಿ, ಮೋಟಾರ್ ಮಿತಿ ಮೀರದ ಹಾಗೆ ತಡೆಯುವ ಲಿಮಿಟ್ ಸ್ವಿಚ್ ಕೈಯಲ್ಲಿ ಒತ್ತಿ ನಿಲ್ಲುತ್ತದೆಯೇ ನೋಡಿ. ಆಮೇಲೆ ಕಡಿಮೆ ಮಿನುಗಿನ ಬೀಮ್. ಶುರು ಮಾಡುವ ಮೊದಲೇ ಒಂದು ಗಡುವು ಗೊತ್ತು ಮಾಡಿಕೊಳ್ಳಿ. ಅಷ್ಟರೊಳಗೆ ಸರಿಯಾಗದಿದ್ದರೆ ಚರ್ಚೆಯೇ ಇಲ್ಲ, ತೆಗೆದಿಟ್ಟ ಹಳೆಯ ಡಿಸ್ಕ್ ವಾಪಸ್. 'ಇನ್ನು ಹತ್ತು ನಿಮಿಷ ನೋಡೋಣ' ಎನ್ನುವವನಿಗೆ ಆಗ ಕಾಫಿ ಕೊಟ್ಟು ಹೊರಗೆ ಕೂರಿಸಬೇಕು. ಆ ದಿನ ನಮ್ಮ ಪಂಪ್‌ಹೌಸಿನಲ್ಲಿ ಹಾಗೆ ಅಂದವನೂ ನಾನೇ.

ಹಂತ 7: ಹಳೆಯ ಡಿಸ್ಕ್

ತಕ್ಷಣ ಅಳಿಸಬೇಡಿ. ಮುಂದಿನ ಪ್ರಯೋಗಗಳ ಒಂದು ಪೂರ್ತಿ ಸುತ್ತು ಮುಗಿಯುವವರೆಗೆ, ದಿನಾಂಕ ಬರೆದ ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಕಳೆದ ಜುಲೈನಲ್ಲಿ ನಮ್ಮ ತೋಟದ ಕಂಪ್ಯೂಟರನ್ನು ಇದೇ ಕ್ರಮದಲ್ಲಿ ಮತ್ತೆ ಅಪ್‌ಡೇಟ್ ಮಾಡಿದೆ. ಹಳೆಯ ಡಿಸ್ಕ್ ಇನ್ನೂ ಅಡುಗೆಮನೆಯ ಅಕ್ಕಿ ಡಬ್ಬದಲ್ಲಿದೆ, ನಮ್ಮ ಮಳೆಗಾಲದ ಬೂಸ್ಟು ತಾಗದ ಹಾಗೆ.