ಹೊಸ ಇಂಡೀ ಮತ್ತು ಎಲೆಕ್ಟ್ರಾನಿಕ್ ಸಂಗೀತವನ್ನು ಹುಡುಕುವ, ಹಂಚಿಕೊಳ್ಳುವ ಕ್ರಮ

ಸ್ಟ್ರೀಮಿಂಗ್ ಆ್ಯಪ್‌ಗಳು ಮುಂದಿಡುವ ಹಾಡುಗಳನ್ನೇ ನೆಚ್ಚಿಕೊಂಡವರಿಗೆ ಕೆಲವು ತಿಂಗಳಲ್ಲೇ ಎಲ್ಲವೂ ಒಂದೇ ಬಗೆಯಾಗಿ ಕೇಳಿಸತೊಡಗುತ್ತದೆ. ಸ್ಪಾಟಿಫೈ 2015ರಲ್ಲಿ ಆರಂಭಿಸಿದ ‘ಡಿಸ್ಕವರ್ ವೀಕ್ಲಿ’ಯಂಥ ಪಟ್ಟಿಗಳು ನಿಮ್ಮ ಆಯ್ಕೆಯನ್ನು ನಿಮ್ಮಂಥ ಇತರ ಕೇಳುಗರ ಆಯ್ಕೆಯೊಂದಿಗೆ ತಾಳೆ ನೋಡಿ, ಅವರು ಕೇಳಿದ್ದು, ನೀವು ಕೇಳದೆ ಉಳಿದದ್ದು ಯಾವುದೋ ಅದನ್ನು ಮುಖ್ಯವಾಗಿ ಆರಿಸಿ ಕೊಡುತ್ತವೆ. ನಿನ್ನೆಯಷ್ಟೇ ಬಿಡುಗಡೆಯಾದ, ಬೆರಳೆಣಿಕೆಯ ಜನ ಮಾತ್ರ ಕೇಳಿರುವ ಹಾಡಿನ ಬಗ್ಗೆ ಈ ಲೆಕ್ಕಾಚಾರಕ್ಕೆ ಹೆಚ್ಚೇನೂ ತಿಳಿದಿರುವುದಿಲ್ಲ. ಸ್ವತಂತ್ರ ಕಲಾವಿದರ ಬಹುಪಾಲು ಕೃತಿಗಳು ಇದೇ ಸ್ಥಿತಿಯಲ್ಲಿರುತ್ತವೆ. ಅವುಗಳನ್ನು ತಲುಪಬೇಕೆಂದರೆ ಸಂಗೀತದ ಪ್ರಕಾರವನ್ನು ಹುಡುಕುವುದಕ್ಕಿಂತ, ಅದನ್ನು ಆರಿಸಿ ಹೊರತರುವ ಮತ್ತು ಕೊಂಡು ಕೇಳುವ ಜನರನ್ನು ಹಿಂಬಾಲಿಸುವುದು ಒಳ್ಳೆಯದು.

ಇದಕ್ಕೆ ಮೊದಲ ದಾರಿ ಲೇಬಲ್, ಅಂದರೆ ಕಲಾವಿದರ ಸಂಗೀತವನ್ನು ಆರಿಸಿ ಹೊರತರುವ ಸಂಸ್ಥೆ. ನಿಮಗೆ ನಿಜವಾಗಿ ಹಿಡಿಸಿದ ಒಂದು ಹಾಡನ್ನು ತೆಗೆದುಕೊಂಡು, ಅದನ್ನು ಹೊರತಂದ ಲೇಬಲ್ ಯಾವುದೆಂದು ನೋಡಿ, ಆ ಲೇಬಲ್ ಇತ್ತೀಚೆಗೆ ಬಿಡುಗಡೆ ಮಾಡಿದ ನಾಲ್ಕೈದು ಆಲ್ಬಂಗಳನ್ನು ಕಲಾವಿದರ ಹೆಸರು ಗೊತ್ತಿಲ್ಲದಿದ್ದರೂ ಕೇಳಿರಿ. ಶೆಫೀಲ್ಡ್‌ನಲ್ಲಿ 1989ರಲ್ಲಿ ಹುಟ್ಟಿದ ವಾರ್ಪ್, ಲಂಡನ್ನಿನ ನಿಂಜಾ ಟ್ಯೂನ್ ಮತ್ತು ಹೈಪರ್‌ಡಬ್ ಮೊದಲಾದವುಗಳ ಹೆಸರು ಕೇಳುಗರಿಗೆ ಭರವಸೆ ಹುಟ್ಟಿಸುವುದು ಅವುಗಳ ಹಿಂದೆ ಗಟ್ಟಿಯಾದ ಅಭಿರುಚಿಯೊಂದು ಇರುವುದರಿಂದಲೇ. ಆದರೆ ಇವು ಈಗ ಸಾಕಷ್ಟು ದೊಡ್ಡವು. ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನಡೆಸುವ, ವರ್ಷಕ್ಕೆ ಕೆಲವೇ ಕ್ಯಾಸೆಟ್ ಅಥವಾ ಡಿಜಿಟಲ್ ಆಲ್ಬಂಗಳನ್ನು ಹೊರತರುವ ಪುಟ್ಟ ಲೇಬಲ್‌ಗಳಲ್ಲೇ ಹೆಚ್ಚು ಅಚ್ಚರಿಗಳು ಸಿಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಲೇಬಲ್‌ನ ಜಾಡು ಮುಗಿದಲ್ಲಿ ಹೆಸರುಗಳ ಜಾಡು ಆರಂಭವಾಗುತ್ತದೆ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಒಬ್ಬರೇ ಹಲವು ಹೆಸರುಗಳಲ್ಲಿ ಕೆಲಸ ಮಾಡುವುದು ಸಾಮಾನ್ಯ. ಏಫೆಕ್ಸ್ ಟ್ವಿನ್ ಎಂದು ಪ್ರಸಿದ್ಧರಾದ ರಿಚರ್ಡ್ ಡಿ. ಜೇಮ್ಸ್ ಅವರು ಎಎಫ್‌ಎಕ್ಸ್, ಪಾಲಿಗಾನ್ ವಿಂಡೋ ಎಂಬ ಹೆಸರುಗಳಲ್ಲೂ ಸಂಗೀತ ಹೊರತಂದಿದ್ದಾರೆ. ಇಂಥ ನಂಟುಗಳನ್ನು ಬಿಡಿಸಿಕೊಳ್ಳಲು ಡಿಸ್ಕಾಗ್ಸ್ ಬಹಳ ನೆರವಾಗುತ್ತದೆ. 2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆಂದೇ ಆರಂಭವಾಗಿ ಮುಂದೆ ಎಲ್ಲ ಪ್ರಕಾರಗಳಿಗೂ ಹರಡಿದ ಈ ದತ್ತಕೋಶವನ್ನು ಬಳಕೆದಾರರೇ ತುಂಬುತ್ತಾರೆ. ಒಂದು ಆಲ್ಬಂನ ಪುಟದಲ್ಲಿ ರೀಮಿಕ್ಸ್ (ಹಾಡಿಗೆ ಹೊಸ ರೂಪ ಕೊಡುವುದು) ಮಾಡಿದವರು, ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಯನ್ನು ಹದಗೊಳಿಸುವುದು) ಮಾಡಿದವರು, ಅತಿಥಿಯಾಗಿ ಹಾಡಿದವರು ಯಾರೆಂದು ನೋಡಿ, ಅವರ ಹೆಸರನ್ನು ಒತ್ತಿದರೆ ಅವರು ಬೇರೆಡೆ ಮಾಡಿದ ಕೆಲಸದ ಪಟ್ಟಿ ತೆರೆದುಕೊಳ್ಳುತ್ತದೆ. ರೀಮಿಕ್ಸ್ ಮಾಡಿದವರ ಹೆಸರನ್ನಂತೂ ಎಂದಿಗೂ ಬಿಡಬೇಡಿ, ಏಕೆಂದರೆ ಮೂಲ ಕಲಾವಿದರೋ ಲೇಬಲ್‌ನವರೋ ತಾವು ಮೆಚ್ಚಿದವರಿಗೇ ಸಾಮಾನ್ಯವಾಗಿ ಆ ಕೆಲಸವನ್ನು ಒಪ್ಪಿಸಿರುತ್ತಾರೆ.

2008ರಲ್ಲಿ ಆರಂಭವಾದ, ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದಕ್ಕಿಂತಲೂ ನೇರವಾದ ಇನ್ನೊಂದು ದಾರಿಯಿದೆ. ಅಲ್ಲಿ ಆಲ್ಬಂನ ಪುಟದಲ್ಲೇ ಅದನ್ನು ಕೊಂಡವರ ಪುಟ್ಟ ಚಿತ್ರಗಳು ಕಾಣಿಸುತ್ತವೆ. ಕೆಲವರು ಒಂದೆರಡು ಸಾಲಿನ ಮೆಚ್ಚುಗೆಯನ್ನೂ ಬರೆದಿರುತ್ತಾರೆ. ಒಂದು ಚಿತ್ರವನ್ನು ಒತ್ತಿದರೆ ಆ ವ್ಯಕ್ತಿ ಕೊಂಡ ಸಂಗ್ರಹವೆಲ್ಲ ಕಣ್ಣೆದುರು ಬರುತ್ತದೆ. ನಿಮಗೆ ಪ್ರಿಯವಾದ, ಆದರೆ ಹೆಚ್ಚು ಜನ ಕೊಳ್ಳದ ಎರಡು ಮೂರು ಆಲ್ಬಂಗಳು ಅಪರಿಚಿತರೊಬ್ಬರ ಸಂಗ್ರಹದಲ್ಲೂ ಇದ್ದರೆ, ಅದರಲ್ಲಿರುವ ಉಳಿದವುಗಳನ್ನು ತಾಳ್ಮೆಯಿಂದ ಕೇಳುವುದು ಸಾರ್ಥಕ. ಜನಪ್ರಿಯ ಆಲ್ಬಂ ಕೊಂಡವರಿಂದ ಈ ಸುಳಿವು ಸಿಗುವುದಿಲ್ಲ. ಅವರು ತೀರ ಹೆಚ್ಚು ಮಂದಿ. ಮೆಚ್ಚಿದ ಸಂಗ್ರಹಕಾರರನ್ನೂ ಲೇಬಲ್‌ಗಳನ್ನೂ ಅಲ್ಲಿಯೇ ಅನುಸರಿಸುವ ಅನುಕೂಲವೂ ಇದೆ.

ರೇಡಿಯೊವನ್ನು ಹಳೆಯ ಮಾಧ್ಯಮವೆಂದು ತಳ್ಳಿಹಾಕುವಂತಿಲ್ಲ. ಲಂಡನ್ನಿನಲ್ಲಿ 2011ರಲ್ಲಿ ಆರಂಭವಾದ ಎನ್‌ಟಿಎಸ್ ಮತ್ತು ಸಿಯಾಟಲ್‌ನ ಕೆಇಎಕ್ಸ್‌ಪಿ ಅಂತರ್ಜಾಲದಲ್ಲಿ ಎಲ್ಲಿಂದ ಬೇಕಾದರೂ ಕೇಳಿಸುತ್ತವೆ, ನುಡಿಸಿದ ಹಾಡುಗಳ ಪಟ್ಟಿಯನ್ನೂ ಪ್ರಕಟಿಸುತ್ತವೆ. ಇಡೀ ಕೇಂದ್ರಕ್ಕಿಂತ ಒಬ್ಬ ನಿರೂಪಕರನ್ನು ಆರಿಸಿಕೊಂಡು ಅವರ ಹಲವು ಕಂತುಗಳನ್ನು ಕೇಳಿದರೆ ಅವರ ರುಚಿಯ ಪರಿಚಯವಾಗುತ್ತದೆ. ಸೌಂಡ್‌ಕ್ಲೌಡ್, ಮಿಕ್ಸ್‌ಕ್ಲೌಡ್‌ಗಳಲ್ಲಿ ಸಿಗುವ ಡಿಜೆಗಳ ದೀರ್ಘ ಮಿಕ್ಸ್‌ಗಳೂ ಹೀಗೆಯೇ. ಆದರೆ ಅಲ್ಲಿ ಹಾಡುಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ವೇಗವೂ ಸ್ಥಾಯಿಯೂ ಬದಲಾಗಿರುತ್ತವೆ. ಆದ್ದರಿಂದ ಹಾಡನ್ನು ಕೇಳಿ ಗುರುತಿಸುವ ಶಾಝಮ್ ಆ್ಯಪ್ ಹಲವು ಬಾರಿ ಸೋಲುತ್ತದೆ. ಹಿಡಿಸಿದ ಭಾಗ ಎಷ್ಟನೆಯ ನಿಮಿಷದಲ್ಲಿ ಬಂತೆಂದು ಗುರುತು ಹಾಕಿಕೊಂಡು ಆ ಹಾಡು ಯಾವುದೆಂದು ಡಿಜೆಯನ್ನೇ ವಿಚಾರಿಸುವುದು ಲೇಸು.

ಹುಡುಕುವುದರಷ್ಟೇ ಮುಖ್ಯವಾದದ್ದು ಕೇಳುವ ಬಗೆ. ನೃತ್ಯಕ್ಕೆಂದು ರಚಿಸಿದ ಹೌಸ್, ಟೆಕ್ನೋ ಹಾಡುಗಳ ಆರಂಭದಲ್ಲಿ ಹಲವು ಬಾರಿ ಒಂದು ನಿಮಿಷದವರೆಗೂ ಬರಿಯ ತಾಳವಷ್ಟೇ ಇರುತ್ತದೆ. ಹಿಂದಿನ ಹಾಡಿನಿಂದ ಇದಕ್ಕೆ ದಾಟಲು ಡಿಜೆಗೆ ಆ ಜಾಗ ಬೇಕು. ಮೊದಲ ಅರ್ಧ ನಿಮಿಷದಲ್ಲೇ ಮುಂದಿನ ಹಾಡಿಗೆ ಹಾರುವವರು ಹಾಡನ್ನು ಕೇಳಿದಂತೆಯೇ ಅಲ್ಲ. ಹಾಗೆಯೇ ಫೋನಿನ ಸ್ಪೀಕರ್ ತಗ್ಗಿನ ನಾದಗಳನ್ನು ಬಹುತೇಕ ನುಂಗಿಬಿಡುತ್ತದೆ. ಡಬ್‌ಸ್ಟೆಪ್ ಎಂಬ ಪ್ರಕಾರದ ಜೀವವಿರುವುದೇ ಆ ತಗ್ಗಿನ ಬೇಸ್‌ನಲ್ಲಿ; ಸಾಧಾರಣ ಹೆಡ್‌ಫೋನ್ ಆದರೂ ಇಲ್ಲದೆ ಅದರ ಬಗ್ಗೆ ತೀರ್ಮಾನಕ್ಕೆ ಬರಬಾರದು.

ಇನ್ನು ಹಂಚಿಕೊಳ್ಳುವ ವಿಷಯ. ಅರವತ್ತು ಹಾಡುಗಳ ಪ್ಲೇಲಿಸ್ಟನ್ನು ಇಪ್ಪತ್ತು ಜನರಿಗೆ ಒಮ್ಮೆಲೇ ಕಳುಹಿಸಿದರೆ ಅದನ್ನು ತೆರೆದು ನೋಡುವವರು ಕಡಿಮೆ. ಒಬ್ಬರಿಗೆ ಒಂದೇ ಹಾಡನ್ನು ಕಳುಹಿಸಿ, ಅದು ಅವರಿಗೆ ಏಕೆ ಹಿಡಿಸಬಹುದೆಂದು ಒಂದು ವಾಕ್ಯದಲ್ಲಿ ಬರೆಯಿರಿ. ‘ಮೂರನೆಯ ನಿಮಿಷದಲ್ಲಿ ಪಿಯಾನೋ ಬರುವವರೆಗೆ ಕಾಯಿರಿ’ ಎಂಬಷ್ಟು ಸ್ಪಷ್ಟವಾದ ಮಾತು ‘ಅದ್ಭುತವಾಗಿದೆ’ ಎಂಬ ಹೊಗಳಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅವರು ಬಳಸುವ ಆ್ಯಪ್ ಬೇರೆಯಾಗಿದ್ದರೆ, ಹಲವು ಸೇವೆಗಳನ್ನು ಒಂದೇ ಪುಟದಲ್ಲಿ ತೋರಿಸುವ ಓಡೆಸ್ಲಿಯಂಥ ಕೊಂಡಿ ಅನುಕೂಲ. ಪ್ಲೇಲಿಸ್ಟನ್ನೇ ಮಾಡುವಿರಾದರೆ ಹತ್ತು ಹನ್ನೆರಡು ಹಾಡುಗಳಿಗೆ ನಿಲ್ಲಿಸಿ, ವೇಗವನ್ನು ಗಮನಿಸಿ ಜೋಡಿಸಿ. ನಿಮಿಷಕ್ಕೆ ಸುಮಾರು 125 ತಾಳಗಳ ಹೌಸ್‌ನಿಂದ ಸುಮಾರು 174 ತಾಳಗಳ ಡ್ರಮ್ ಅಂಡ್ ಬೇಸ್‌ಗೆ ಥಟ್ಟನೆ ಜಿಗಿದರೆ ಕೇಳುಗರು ಮುಗ್ಗರಿಸುತ್ತಾರೆ. ನಡುವೆ ತಾಳವಿಲ್ಲದ ಆಂಬಿಯೆಂಟ್ ಹಾಡೊಂದನ್ನು ಇಟ್ಟರೆ ಆ ದಾಟು ಸಲೀಸಾಗುತ್ತದೆ.

ಕೊಂಡಿಯನ್ನು ಆರಿಸುವಾಗ ಹಣ ಎಲ್ಲಿಗೆ ಹೋಗುತ್ತದೆಂಬುದನ್ನೂ ಯೋಚಿಸಬೇಕು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಗೌರವಧನ (ರಾಯಲ್ಟಿ) ಸಿಗುವುದಿಲ್ಲ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟನ್ನು ತೆಗೆದುಕೊಳ್ಳುತ್ತದೆ, 2020ರ ಮಾರ್ಚ್‌ನಿಂದ ಕೆಲವು ನಿಗದಿತ ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತಿದೆ. ಆದ್ದರಿಂದ ಸಣ್ಣ ಕಲಾವಿದರ ಹಾಡನ್ನು ಹಂಚುವಾಗ ಅವರ ಸ್ವಂತ ಪುಟದ ಕೊಂಡಿಯನ್ನೇ ಕೊಡಿ, ಕೊಳ್ಳುವುದಿದ್ದರೆ ಅಂಥ ಶುಕ್ರವಾರಕ್ಕಾಗಿ ಕಾಯಿರಿ. ಕೊಂಡ ಕಡತವನ್ನು ಇತರರಿಗೆ ಕಳುಹಿಸಬೇಡಿ. ಬಿಡುಗಡೆಗೆ ಮುನ್ನ ಕಲಾವಿದರು ನಂಬಿಕೆಯಿಂದ ಕೇಳಿಸಿದ್ದನ್ನಂತೂ, ಅವರು ಸ್ಪಷ್ಟವಾಗಿ ಒಪ್ಪುವವರೆಗೆ, ಒಂದು ತುಣುಕಿನಷ್ಟೂ ಹೊರಬಿಡಬಾರದು.