ಸೆಕೆಂಡ್ ಹ್ಯಾಂಡ್ ಫೋನ್ ತಗೋತಿದೀರಾ? ಕದ್ದ ಮಾಲು ಆದ್ರೆ ಏನಾಗುತ್ತೆ ನೋಡ್ಕೊಳ್ಳಿ

ನಲವತ್ತು ಸಾವಿರದ ಫೋನು ಒಂಬತ್ತು ಸಾವಿರಕ್ಕೆ, ಬಿಲ್ಲಿಲ್ಲ, ಬಾಕ್ಸಿಲ್ಲ, "ಅರ್ಜೆಂಟಾಗಿ ದುಡ್ಡು ಬೇಕು ಬ್ರೋ" ಅಂತಾನೆ. ಅಗ್ಗಕ್ಕೆ ಸಿಕ್ತು ಅಂತ ಖುಷಿ ಪಡೋ ಮುಂಚೆ ಇದನ್ನ ಓದಿ.

2024ರ ಜುಲೈ 1ರಿಂದ ಹಳೇ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 411ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಬಂದಿದೆ. ಕದ್ದ ಮಾಲು ಅಂತ ಗೊತ್ತಿದ್ದೂ, ಇಲ್ಲಾ ಹಾಗಂತ ನಂಬೋಕೆ ಕಾರಣ ಇದ್ದೂ, ಅಪ್ರಾಮಾಣಿಕವಾಗಿ ತಗೊಂಡ್ರೆ ಅಥವಾ ಇಟ್ಕೊಂಡ್ರೆ 3 ವರ್ಷದ ತನಕ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಇದನ್ನೇ ಕಸುಬು ಮಾಡ್ಕೊಂಡೋರಿಗೆ 10 ವರ್ಷದ ತನಕ ಜೈಲು, ಇಲ್ಲಾ ಜೀವಾವಧಿ ಶಿಕ್ಷೆನೇ ಆಗ್ಬಹುದು.

"ನಂಬೋಕೆ ಕಾರಣ" ಅನ್ನೋದ್ರಲ್ಲೇ ಜನ ಸಿಕ್ಕಾಕೊಳ್ಳೋದು. ನಂಗೊತ್ತಿರ್ಲಿಲ್ಲ ಸಾರ್ ಅಂದ್ರೆ ಒಂಬತ್ತು ಸಾವಿರಕ್ಕೆ ಹೆಂಗ್ ಬಂತು ಅಂತ ಕೇಳ್ತಾರೆ. ಇನ್ನು "ಇಟ್ಕೊಂಡ್ರೆ" ಅನ್ನೋದೂ ಅಷ್ಟೇ, ತಗೊಳ್ಳೋವಾಗ ಗೊತ್ತಿಲ್ದೆ ಆಮೇಲೆ ಗೊತ್ತಾಗಿ ಸುಮ್ನೆ ಬಳಸ್ತಾ ಕೂತ್ರೂ ತಪ್ಪೇ. ಇನ್ನೊಬ್ಬರಿಗೆ ದಾಟಿಸಿಬಿಡೋಣ ಅಂತ ಹೋದ್ರೆ ಅದು ವಿಲೇವಾರಿಗೆ ಸಹಾಯ ಮಾಡಿದ ಇನ್ನೊಂದು ಅಪರಾಧ, ಅದಕ್ಕೂ 3 ವರ್ಷ. ಕಳವಾದ ಸ್ವಲ್ಪ ದಿನಕ್ಕೇ ಮಾಲು ನಿಮ್ಮ ಕೈಲಿ ಸಿಕ್ಕಿ, ಎಲ್ಲಿಂದ ಬಂತು ಅಂತ ನೀವು ಹೇಳೋಕಾಗ್ಲಿಲ್ಲ ಅಂದ್ರೆ, ನೀವೇ ಕಳ್ಳ ಇಲ್ಲಾ ಗೊತ್ತಿದ್ದೇ ತಗೊಂಡೋರು ಅಂತ ಕೋರ್ಟು ಊಹಿಸ್ಕೋಬಹುದು.

ತಗೊಳ್ಳೋ ಮುಂಚೆ ಮಾಡೋದು ದೊಡ್ಡ ಕೆಲಸ ಏನಲ್ಲ. *#06# ಒತ್ತಿದ್ರೆ ಐಎಂಇಐ, ಅಂದ್ರೆ ಆ ಫೋನಿನ ಗುರುತಿನ ನಂಬರ್ ಬರುತ್ತೆ. ಇಂಗ್ಲಿಷಲ್ಲಿ KYM ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಕೊಟ್ಟು ಆ 15 ಅಂಕಿ ಹಾಕಿ 14422ಗೆ ಎಸ್ಸೆಮ್ಮೆಸ್ ಕಳ್ಸಿ. ಬ್ಲಾಕ್‌ಲಿಸ್ಟೆಡ್ ಅಥವಾ ಡೂಪ್ಲಿಕೇಟ್ ಅಂತ ಬಂದ್ರೆ ಫೋನ್ ವಾಪಸ್ ಕೊಟ್ಟು ಬನ್ನಿ. ಆದ್ರೆ ಸರಿ ಇದೆ ಅಂತ ಬಂತು ಅಂತ ಪೂರ್ತಿ ನಂಬ್ಬೇಡಿ, ಕಳ್ಕೊಂಡೋರು ಇನ್ನೂ ಬ್ಲಾಕ್ ಮಾಡಿಸದೇ ಇರಬಹುದು. ಅದಕ್ಕೇ ಹಳೇ ಬಿಲ್ಲು, ಮಾರೋನ ಐಡಿ ಕಾಪಿ, ಐಎಂಇಐ ಬರೆದು ಅವನ ಸೈನ್ ಇರೋ ಒಂದು ಚೀಟಿ ಇಸ್ಕೊಳ್ಳಿ, ದುಡ್ಡು ಕ್ಯಾಶ್ ಬೇಡ ಯುಪಿಐಲೇ ಹಾಕಿ, ಚಾಟ್ ಡಿಲೀಟ್ ಮಾಡ್ಬೇಡಿ. ಐಡಿ ಕೇಳಿದ ತಕ್ಷಣ ಮುಖ ಗಂಟಿಕ್ಕೋನ ಹತ್ರ ನಾನಂತೂ ತಗೊಳ್ಳಲ್ಲ. ಬೈಕ್ ಆದ್ರೆ ಆರ್‌ಸಿಲಿರೋ ಚಾಸಿಸ್ ನಂಬರು ಗಾಡಿ ಮೇಲಿರೋದಕ್ಕೆ ತಾಳೆ ಆಗುತ್ತಾ ಬಗ್ಗಿ ನೋಡಿ.

ಸ್ಟೇಷನ್ನಿಂದ ಫೋನ್ ಬಂತಾ? ಸ್ವಿಚ್ ಆಫ್ ಮಾಡ್ಕೊಂಡು ಓಡಾಡೋದು, ರೀಸೆಟ್ ಮಾಡೋದು ಬೇಡ್ವೇ ಬೇಡ. ನೋಟಿಸ್ ಕೊಟ್ರೆ ಹೇಳಿದ ದಿನ ದಾಖಲೆ ಹಿಡ್ಕೊಂಡು ಹೋಗಿ, ವಕೀಲರಿದ್ರೆ ಒಳ್ಳೇದು, ದುಡ್ಡಿಲ್ಲ ಅಂದ್ರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಕಾಲ್ ಮಾಡಿ. ಫೋನ್ ವಶಕ್ಕೆ ತಗೊಂಡ್ರೆ ಮಹಜರ್ (ವಶಕ್ಕೆ ತಗೊಂಡಿದ್ದಕ್ಕೆ ಬರೆಯೋ ದಾಖಲೆ) ಕಾಪಿ ಕೇಳಿ. ಓದದೇ ಯಾವ ಪೇಪರ್‌ಗೂ ಸೈನ್ ಹಾಕ್ಬೇಡಿ.

ನೀವು ನಿರಪರಾಧಿ ಅಂತ ಆದ್ರೂ ಸಾಮಾನ್ಯವಾಗಿ ಫೋನ್ ಅಸಲಿ ಮಾಲೀಕನಿಗೇ ಹೋಗುತ್ತೆ, ಕಳ್ಳನಿಗೇ ಹಕ್ಕಿಲ್ಲ ಅಂದ್ಮೇಲೆ ನಿಮಗೆ ಅವನು ಕೊಡೋದೇನು? ಕೊಟ್ಟ ದುಡ್ಡನ್ನ ಮಾರಿದವನ ಹತ್ರಾನೇ ವಸೂಲಿ ಮಾಡ್ಬೇಕು, ಆಗ ಆ ಐಡಿ ಕಾಪಿ, ಯುಪಿಐ ಸ್ಕ್ರೀನ್‌ಶಾಟೇ ಕೈ ಹಿಡಿಯೋದು.